ರೈಲು ಹತ್ತದ ಊರು

ಮುದ್ದೆಗೆ ಎಸರಿಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಪ್ರಶ್ನೋತ್ತರ ನೋಡುವುದು ನನ್ನ ಚಟ. ಊರಿನ ಹೆಂಗಸರು ಧಾರಾವಾಹಿ ನೋಡುವ ಹಾಗೆ ನಾನು ಅಧಿವೇಶನ ನೋಡುತ್ತೇನೆ. ಬೆಂಗಳೂರಿನ ವಿಧಾನಸಭೆ ನಡೆಯುತ್ತಿದ್ದರೆ ಅದು, ಚಳಿಗಾಲಕ್ಕೆ ಬೆಳಗಾವಿಗೆ ಹೋದರೆ ಅಲ್ಲಿಯದು, ಎರಡೂ ಇಲ್ಲದಿದ್ದರೆ ದೆಹಲಿಯ ಲೋಕಸಭೆ. ದೆಹಲಿಯದು ನನಗೆ ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ನೋಡುತ್ತೇನೆ. ಪಕ್ಕದ ಮನೆಯವಳು ಒಮ್ಮೆ ಬಾಗಿಲಲ್ಲಿ ಇಣುಕಿ, "ಇದ್ಯಾಕೆ, ಎಲೆಕ್ಷನ್‌ಗೆ ನಿಲ್ಲೋ ಯೋಚ್ನೆ ಏನಾದ್ರೂ ಐತಾ?" ಎಂದು ನಕ್ಕಳು. ನಾನೂ ನಕ್ಕೆ.

ಕಾರಣ ಹೇಳಿಕೊಳ್ಳಲು ನಾಚಿಕೆ. ಅಲ್ಲಿ ಒಬ್ಬರು ಎದ್ದು ಕೇಳುತ್ತಾರೆ, ಇನ್ನೊಬ್ಬರು ಎದ್ದು ಉತ್ತರ ಕೊಡಲೇಬೇಕು. ಸುಳ್ಳೋ ನಿಜವೋ, ಒಂದು ಉತ್ತರ ಬಂದೇ ಬರುತ್ತದೆ. ನನ್ನ ಮನೆಯಲ್ಲಿ "ಸಾರಿಗೆ ಉಪ್ಪು ಜಾಸ್ತಿ ಆಯ್ತಾ?" ಅಂತ ಕೇಳಿದರೆ ಹೌದೆನ್ನುವವರೂ ಇಲ್ಲ, ಇಲ್ಲವೆನ್ನುವವರೂ ಇಲ್ಲ. ನಮಗೆ ಮಕ್ಕಳಾಗಲಿಲ್ಲ. ನಮ್ಮೆಜಮಾನರು ಹೋಗಿ ಬಹಳ ವರ್ಷವಾಯಿತು. ಹೊಟ್ಟೆಗೆ ತೊಂದರೆ ಇಲ್ಲ, ಮನೆಯ ಹಿಂದೆ ನಾಲ್ಕು ತೆಂಗಿದೆ. ಮಾತಿಗೆ ಮಾತ್ರ ಬರ.

ಮೊದಲು ಹೀಗಿರಲಿಲ್ಲ. ತಿಪಟೂರಿಗೆ ಬರುವ ರೈಲುದಾರಿಯಲ್ಲಿ, ಎರಡೂ ಕಡೆ ತೋಟಗಳಿರುವಲ್ಲಿ, ನಮ್ಮೂರಿಗೊಂದು ಹಾಲ್ಟ್ ಇದೆ. ಹಾಲ್ಟ್ ಅಂದರೆ ದೊಡ್ಡ ಸ್ಟೇಷನ್ ಅಲ್ಲ. ಸ್ಟೇಷನ್ ಮಾಸ್ತರು ಇಲ್ಲ, ಸಿಗ್ನಲ್ ಇಲ್ಲ. ಒಂದು ಕಲ್ಲಿನ ಕೋಣೆ, ಅದಕ್ಕೊಂದು ಕಿಟಕಿ, ಮುಂದೆ ಹೊಂಗೆ ಮರ, ಮಣ್ಣಿನ ಪ್ಲಾಟ್‌ಫಾರಂ. ಟಿಕೆಟ್ ಮಾರುವುದಕ್ಕೆ ರೈಲ್ವೆಯವರು ಊರಿನ ಒಬ್ಬರನ್ನೇ ನೇಮಿಸಿಕೊಳ್ಳುತ್ತಾರೆ. ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ಕಟ್ಟು ತಂದು ಮಾರುವುದು ಅವರ ಕೆಲಸ. ನಮ್ಮೆಜಮಾನರು ಆ ಕೆಲಸ ಮಾಡುತ್ತಿದ್ದರು. ಅವರು ಹೋದ ಮೇಲೆ ಕಿಟಕಿಯ ಹಿಂದೆ ನಾನು ಕೂತೆ. ಮೊದಮೊದಲು ಊರಿನವರು ಟಿಕೆಟ್ ಕೇಳಲು ಸಂಕೋಚಪಟ್ಟರು, ಆಮೇಲೆ ಚಿಲ್ಲರೆಗೆ ಜಗಳ ಆಡುವಷ್ಟು ಸಲಿಗೆಯಾಯಿತು. ಜಗಳ ಆಡುವುದರಲ್ಲಿ ನಾನೂ ಏನು ಕಡಿಮೆ ಇರಲಿಲ್ಲ.

ಬೆಳಗಿನ ಪ್ಯಾಸೆಂಜರಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಊರಿನ ಟೈಲರ್ ಮನೆಯ ಹೆಣ್ಣುಮಗಳು. ನಮ್ಮೂರಲ್ಲಿದ್ದದ್ದು ಅದೊಂದೇ ಸಾಬರ ಮನೆ. ಅಪ್ಪ ಹೊಲಿಯುತ್ತಿದ್ದ, ಅಮ್ಮ ಹೊಲಿಯುತ್ತಿದ್ದಳು, ಅವರಿಬ್ಬರೂ ತೀರಿಕೊಂಡ ಮೇಲೆ ಇವಳು ತಿಪಟೂರಿನಲ್ಲಿ ಒಂದು ಸಣ್ಣ ಅಂಗಡಿ ಹಿಡಿದು ಬ್ಲೌಸ್ ಹೊಲಿಯುತ್ತಿದ್ದಳು. ನನಗಿಂತ ಚಿಕ್ಕವಳು. ಮದುವೆ ಮುರಿದು ಬಂದವಳು, ಅದರ ಬಗ್ಗೆ ಯಾರಾದರೂ ಕೇಳಿದರೆ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಮಾತು ತಪ್ಪಿಸುವವಳು. ರೈಲು ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಬಂದು, ಕೋಣೆಯ ಒಳಗೆ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಹೊರಗಿನವರು ಕೂರಬಾರದು ಅಂತ ಗೋಡೆಯ ಮೇಲೆ ಬೋರ್ಡಿತ್ತು. ಆ ಬೋರ್ಡಿನ ಮೊಳೆಗೆ ಅವಳು ತನ್ನ ಚೀಲ ನೇತುಹಾಕುತ್ತಿದ್ದಳು.

ಏನು ಮಾತಾಡುತ್ತಿದ್ದೆವು ಅಂತ ಈಗ ಯೋಚಿಸಿದರೆ ಒಂದೂ ದೊಡ್ಡ ವಿಷಯವಲ್ಲ. ಯಾರ ಮನೆ ಮದುವೆ, ಯಾರು ಅಳತೆ ಕೊಟ್ಟ ಮೇಲೆ ದಪ್ಪಗಾಗಿ ಬ್ಲೌಸ್ ಬಿಗಿ ಅಂತ ಜಗಳಕ್ಕೆ ಬಂದರು, ನನ್ನ ಮಂಡಿ ನೋವು, ನನಗೊಬ್ಬಳಿಗೇ ಹೇಳುತ್ತಿದ್ದ ಅವಳ ಹಳೆಯ ಅತ್ತೆಯ ಬಾಯಿ. ರೈಲಿನ ಸದ್ದು ಕೇಳಿದ ಕೂಡಲೇ ಅರ್ಧ ಮಾತಿಗೆ ಎದ್ದು ಓಡುತ್ತಿದ್ದಳು. ಉಳಿದರ್ಧ ಸಂಜೆ ಇಳಿದಾಗ. ದಿನವೆಲ್ಲ ಆ ಉಳಿದರ್ಧಕ್ಕೆ ನಾನು ಕಾಯುತ್ತಿದ್ದೆ ಅನ್ನುವುದು ಅದು ತಪ್ಪಿದ ಮೇಲೆ ಗೊತ್ತಾಯಿತು.

ಕೊರೊನಾ ಬಂತು, ರೈಲುಗಳು ನಿಂತವು. ಎಲ್ಲ ಕಡೆಯೂ ನಿಂತಿವೆಯಲ್ಲ, ಇರಲಿ ಅಂದುಕೊಂಡೆ. ಕಾಯಿಲೆ ಇಳಿದ ಮೇಲೆ ರೈಲು ಮತ್ತೆ ಬಂತು, ಆದರೆ ಪ್ಯಾಸೆಂಜರ್ ಹೋಗಿ ಎಕ್ಸ್‌ಪ್ರೆಸ್ ಆಗಿತ್ತು. ಬೋಗಿಗಳು ಅವೇ, ಬಣ್ಣವೂ ಅದೇ. ನಮ್ಮಲ್ಲಿ ಮಾತ್ರ ನಿಲ್ಲದೆ ಸಿಳ್ಳೆ ಹಾಕಿಕೊಂಡು ಹೋಯಿತು. ಮೊದಲ ದಿನ ನಾವಿಬ್ಬರೂ ಪ್ಲಾಟ್‌ಫಾರಂ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆವು. ಅವಳು ಕೈಯಲ್ಲಿ ಟಿಕೆಟ್ ಹಿಡಿದಿದ್ದಳು.

ಬಸ್ಸು ಇಲ್ಲವೆಂದಲ್ಲ. ತೋಟಗಳನ್ನು ಹಾದು ಟಾರು ರಸ್ತೆಗೆ ನಡೆದರೆ ನೊಣವಿನಕೆರೆ ಕಡೆಯಿಂದ ತಿಪಟೂರಿಗೆ ಹೋಗುವ ಬಸ್ಸು ಸಿಗುತ್ತದೆ. ಒಂದಿಷ್ಟು ದಿನ ಹಾಗೆ ಓಡಾಡಿ ಅವಳಿಗೆ ಸಾಕಾಯಿತು. ಹೊತ್ತು ಮುಳುಗಿದ ಮೇಲೆ ತೋಟದ ನಡುವೆ ಒಬ್ಬಳೇ ನಡೆಯಬೇಕು. ಕೊನೆಗೆ ಅಂಗಡಿಯ ಹಿಂದೆಯೇ ಒಂದು ರೂಮು ಹಿಡಿದಳು. ಹೋಗುವ ದಿನ ಮನೆಗೆ ಬೀಗ ಹಾಕಿ ನನ್ನ ಬಾಗಿಲಿಗೆ ಬಂದಳು.

"ಮಷೀನೂ ಪಾತ್ರೆನೂ ಎಲ್ಲಾ ಇಲ್ಲೇ ಅವೆ ಕಣಕ್ಕ. ಇಲ್ಲಿ ಮತ್ತೆ ರೈಲು ನಿಲ್ಸೋ ಹಂಗಾದ್ರೆ ಮಾರನೇ ದಿನಾನೇ ಬತ್ತೀನಿ."

"ನಿಲ್ಸದೆ ಏನ್ಮಾಡ್ತಾರೆ, ನಿಲ್ಸೇ ನಿಲ್ಲಿಸ್ತಾರೆ" ಅಂದೆ, ನಾನೇ ರೈಲ್ವೆ ಮಂತ್ರಿ ಅನ್ನುವ ಹಾಗೆ.

ತಿಪಟೂರಿಗೆ ಹೋಗಿ ಅವಳನ್ನು ನೋಡಬಹುದಿತ್ತು, ಹೋದೆ ಕೂಡ. ಅಂಗಡಿಯಲ್ಲಿ ಗಿರಾಕಿಗಳ ಮಧ್ಯೆ ಒಂದು ಕುರ್ಚಿ ಹಾಕಿ ಕೂರಿಸಿದಳು, ಟೀ ತರಿಸಿದಳು. ಮಾತು ಹುಟ್ಟಲಿಲ್ಲ. ನಮ್ಮದು ರೈಲು ಬರುವ ತನಕದ ಸ್ನೇಹ. ರೈಲು ಬರುವುದಿಲ್ಲ ಅಂದಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ನಾನು ಅಂಗಡಿಯ ಗೋಡೆ ನೋಡಿದೆ, ಅವಳು ಗಡಿಯಾರ ನೋಡಿದಳು. ಆಮೇಲೆ ಹೋಗುವುದು ಕಡಿಮೆ ಮಾಡಿದೆ.

ಅದೇ ದಿನಗಳಲ್ಲಿ ಫೋನಿನಲ್ಲಿ ಏನೋ ಹುಡುಕುವಾಗ ವಿಧಾನಸಭೆ ಸಿಕ್ಕಿತು. ನಮ್ಮ ಕಡೆಯ ಒಬ್ಬ ಶಾಸಕರು ಎದ್ದು ಇಂಧನ ಸಚಿವರನ್ನು ಹಗಲಲ್ಲಿ ತ್ರೀ ಫೇಸ್ ಕರೆಂಟು ಯಾಕೆ ಕೊಡುವುದಿಲ್ಲ ಅಂತ ಕೇಳುತ್ತಿದ್ದರು. ನಾರಿನ ಮಿಲ್ಲು ಅರ್ಧ ದಿನ ನಿಲ್ಲುತ್ತದೆ, ಪಂಪ್‌ಸೆಟ್ ಆನ್ ಮಾಡಲು ರೈತರು ಕತ್ತಲಲ್ಲಿ ತೋಟಕ್ಕೆ ಹೋಗಬೇಕು, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕೇಳುವವರಿಲ್ಲ. ಎಲ್ಲವೂ ನಾನು ಬಲ್ಲ ವಿಷಯ. ಕೈಯಲ್ಲಿದ್ದ ಕೋಲು ಮುದ್ದೆ ಪಾತ್ರೆಯಲ್ಲೇ ಉಳಿಯಿತು. ಆ ದಿನ ಮುದ್ದೆ ಗಂಟಾಯಿತು, ನಾನು ಮಾತ್ರ ಗಿರಾಕಿಯಾದೆ.

ನೋಡುತ್ತ ನೋಡುತ್ತ ಅಲ್ಲಿಯ ನಡವಳಿಕೆ ತಿಳಿಯಿತು. ಸಭಾಧ್ಯಕ್ಷರು ಹೆಸರು ಕರೆದಾಗ ಸದಸ್ಯರು ಎದ್ದು ಕೇಳಬೇಕು. ಸಚಿವರು ಉತ್ತರ ಕೊಟ್ಟ ಮೇಲೆ ಸಮಾಧಾನವಾಗದಿದ್ದರೆ ಇನ್ನೊಂದು ಕೇಳಬಹುದು, ಅದಕ್ಕೆ ಉಪಪ್ರಶ್ನೆ ಅನ್ನುತ್ತಾರೆ. ಉತ್ತರಗಳ ಅರ್ಥವೂ ತಿಳಿಯಿತು. "ಜಾಗ ಗುರುತಿಸಲಾಗಿದೆ" ಅಂದರೆ ಕಲ್ಲು ನೆಟ್ಟಿದ್ದಾರೆ, ಕಲ್ಲಿನ ಸುತ್ತ ಎಮ್ಮೆ ಮೇಯುತ್ತಿದೆ. ತೆಂಗಿನ ಉತ್ಪನ್ನಗಳ ಕಾರ್ಖಾನೆಗೆಂದು ನಮ್ಮ ಹಾಲ್ಟಿನ ಆಚೆ ನೆಟ್ಟ ಕಲ್ಲು ಹಾಗೆಯೇ ಇದೆ. "ಪರಿಶೀಲನೆಯಲ್ಲಿದೆ" ಅಂದರೆ ಯಾರೂ ನೋಡಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಸಚಿವರು ಕಾಗದ ಕೆಳಗಿಟ್ಟು, ಮುಖದಲ್ಲಿ ಪ್ರೀತಿ ತುಂಬಿಕೊಂಡು, "ನೋಡೋಣ ಕೂತ್ಕೊಳ್ಳಿ" ಅನ್ನುವುದು. ಹಾಗೆಂದರೆ ಆ ವಿಷಯ ಮುಗಿಯಿತು. ಕೇಳಿದವರು ಕೂತುಬಿಡುತ್ತಾರೆ. ಪಾಪ, ಬೈದವರ ಮೇಲಾದರೆ ತಿರುಗಿ ಕೂಗಬಹುದು, ಪ್ರೀತಿಯಿಂದ ಹೇಳಿದವರಿಗೆ ಏನು ಹೇಳುವುದು?

ನಮ್ಮ ಸಂಸದರು ಒಂದು ಸಲ ಹತ್ತಿರದ ಊರಿಗೆ ಶಂಕುಸ್ಥಾಪನೆಗೆ ಬಂದಾಗ ಊರಿನವರೆಲ್ಲ ಹೋಗಿ ಕಾರು ತಡೆದರು. ಪಂಚಾಯಿತಿಯ ಮಾಜಿ ಅಧ್ಯಕ್ಷರು ಮುಂದೆ ನಿಂತು ರಸ್ತೆ, ಚರಂಡಿ, ಸಮುದಾಯ ಭವನ ಅಂತ ಶುರುಮಾಡಿದರು. ನಾನು ಹಿಂದಿನಿಂದ ನುಗ್ಗಿ, "ಸ್ವಾಮಿ, ರೈಲು ಕೇಳಿ. ದೆಹಲೀಲಿ ಎದ್ದು ನಿಂತು ಕೇಳಿ. ಚರಂಡಿ ಇಲ್ಲೂ ಕೇಳಬೌದು" ಅಂದೆ. ಅವರು ನಕ್ಕು, "ಕೇಳ್ತೀನಿ ಕಣಮ್ಮ" ಅಂದರು. ನಾನು ನಂಬಲಿಲ್ಲ. ಆದರೆ ಮನುಷ್ಯ ಮಾತು ಉಳಿಸಿಕೊಂಡರು. ಅವರು ಪ್ರಶ್ನೆ ಕೊಟ್ಟಿದ್ದಾರೆ, ಉತ್ತರಕ್ಕೆ ಮೊದಲು ರೈಲ್ವೆ ಕಡೆಯಿಂದ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ, ಆ ಒಂದು ದಿನ ಬೆಳಗಿನ ರೈಲನ್ನು ನಿಲ್ಲಿಸಿ ಎಷ್ಟು ಮಂದಿ ಹತ್ತುತ್ತಾರೆ ಅಂತ ಲೆಕ್ಕ ಹಾಕುತ್ತಾರೆ ಎಂದು ಸುದ್ದಿ ಬಂತು.

ನಾನು ತಿಪಟೂರಿಗೆ ಹೋಗಿ ಟಿಕೆಟ್ ಕಟ್ಟು ತಂದೆ. ಕೋಣೆಯ ಬೀಗ ತೆಗೆದು ಜೇಡರ ಬಲೆ ಹೊಡೆದೆ. ಸ್ಟೂಲನ್ನೂ ಒರೆಸಿದೆ. ಅವಳಿಗೆ ಫೋನು ಮಾಡಿದರೆ ಮದುವೆ ಸೀಜನ್, ಅವತ್ತೇ ಬಟ್ಟೆ ಕೊಡಬೇಕು, ಬರಲಾಗುವುದಿಲ್ಲ ಅಂದಳು. ಇರಲಿ, ಹತ್ತುವುದಕ್ಕೆ ಊರೆಲ್ಲ ಇದೆಯಲ್ಲ ಅಂದುಕೊಂಡೆ.

ಊರೆಲ್ಲ ಬಂತು ನಿಜ. ಬೆಳಗಾಗುವಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ಮೈಕ್ ಕಟ್ಟಿದ್ದರು. ರಾಶಿ ಎಳನೀರು, ಒಂದು ಮೈಸೂರು ಪೇಟ, ಶಾಲು, ಗಂಧದ ಹಾರ. ಪೂರ್ಣಕುಂಭ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಗಂಡ ಸತ್ತವಳಾದ್ದರಿಂದ ಆ ಸಾಲಿಗೆ ನನ್ನನ್ನು ಯಾರೂ ಕರೆಯಲಿಲ್ಲ, ಅದು ನನಗೆ ಅಭ್ಯಾಸ. ನಾನು ನನ್ನ ಕಿಟಕಿಯ ಹಿಂದೆ ಕೂತೆ. ರೈಲಿನ ಹೊತ್ತು ಹತ್ತಿರ ಬಂದರೂ ಕಿಟಕಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ತಲೆ ಹೊರಗೆ ಹಾಕಿ ಮಾಜಿ ಅಧ್ಯಕ್ಷರನ್ನು ಕೂಗಿದೆ.

"ಏನಣ್ಣ, ಯಾರೂ ಟಿಕೆಟ್ ತಗೊಳ್ಳಲ್ವಾ?"

"ಇವತ್ತು ಯಾರೂ ಹತ್ಬಾರ್ದು ಅಂತ ನಾನೇ ಹೇಳಿವ್ನಿ ಕಣಮ್ಮ. ಹತ್ಕೊಂಡು ಹೋಗ್ಬುಟ್ರೆ ಪ್ಲಾಟ್‌ಫಾರಂ ಖಾಲಿ ಕಾಣಾಕಿಲ್ವಾ? ಸಾಹೇಬ್ರಿಗೆ ಜನ ತೋರಿಸ್ಬೇಕು."

"ಅಣ್ಣ, ಅವರು ಎಣಿಸೋಕೆ ಬರ್ತಿರೋದೇ ಹತ್ತೋರನ್ನ!"

"ಇಷ್ಟು ಜನ ನಿಂತಿರೋದು ಕಣ್ಣಿಗೆ ಕಾಣಾಕಿಲ್ವಾ ಅವ್ರಿಗೆ? ಮನೆಗೆ ಬಂದೋರ್ನ ಬುಟ್ಟು ನಾವು ರೈಲು ಹತ್ಕೊಂಡು ಹೋದ್ರೆ ಏನಂದ್ಕೊಂಡಾರು? ನೀನು ಸುಮ್ನಿರಮ್ಮ."

ಅವರದು ಕೇಡಿನ ಬುದ್ಧಿಯಲ್ಲ. ನಮ್ಮ ಕಡೆ ಯಾವ ಮಂತ್ರಿ ಬಂದರೂ, ಯಾವ ಎಂಜಿನಿಯರು ಬಂದರೂ ಕೆಲಸ ಆಗುವುದು ಜನ ತೋರಿಸಿದಾಗ. ಜಾಸ್ತಿ ಜನ ನಿಂತಷ್ಟೂ ಜಾಸ್ತಿ ಕೆಲಸ. ಊರು ಕಲಿತದ್ದು ಅದು. ರೈಲಿನವರಿಗೆ ನಿಂತ ಜನ ಲೆಕ್ಕಕ್ಕಿಲ್ಲ, ಹೊರಟ ಜನ ಮಾತ್ರ ಲೆಕ್ಕ ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ.

ರೈಲು ಬಂತು. ನಿಂತಿತು. ಅಷ್ಟು ವರ್ಷಗಳ ಮೇಲೆ ನನ್ನ ಕಿಟಕಿಯ ಎದುರಿಗೆ ಒಂದು ಬೋಗಿಯ ಬಾಗಿಲು ಬಂದು ನಿಂತದ್ದನ್ನು ನೋಡಿ ಟಿಕೆಟ್ ಕಟ್ಟನ್ನು ಕೈಗೆತ್ತಿಕೊಂಡೆ. ಬಡಕಲು ಮೈಯ, ನಾಚಿಕೆ ಸ್ವಭಾವದ ಅಧಿಕಾರಿ ಇಳಿದರು. ಹಾರ ಬಿತ್ತು, ಪೇಟ ಏರಿತು, ಆರತಿ ಆಯಿತು, ಮೈಕ್‌ನಲ್ಲಿ ಭಾಷಣ ಶುರುವಾಯಿತು. ಡ್ರೈವರನಿಗೂ ಗಾರ್ಡಿಗೂ ಎಳನೀರು ಹೋಯಿತು. ಕಿಟಕಿಗಳಿಂದ ಪ್ರಯಾಣಿಕರು ಇದ್ಯಾವ ಜಾತ್ರೆ ಅನ್ನುವ ಹಾಗೆ ನೋಡುತ್ತಿದ್ದರು. "ಟಿಕೆಟ್ ತಗೊಳ್ರಪ್ಪ, ಯಾರಾದ್ರೂ ಹತ್ರಪ್ಪ" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಮೈಕ್ ಮುಂದೆ ನನ್ನ ಗಂಟಲು ಯಾವ ಲೆಕ್ಕ? ಸಿಳ್ಳೆ ಹೊಡೆದು ರೈಲು ಹೊರಟಿತು. ಊರೆಲ್ಲ ಚಪ್ಪಾಳೆ ತಟ್ಟಿ ಅದನ್ನು ಕಳಿಸಿಕೊಟ್ಟಿತು.

ಅಧಿಕಾರಿ ಪೇಟ ತಲೆಯ ಮೇಲಿದ್ದ ಹಾಗೆಯೇ ನನ್ನ ಕಿಟಕಿಗೆ ಬಂದರು.

"ಎಷ್ಟು ಟಿಕೆಟ್ ಹೋಯ್ತಮ್ಮ?"

"ಒಂದೂ ಇಲ್ಲ ಸಾರ್."

"ಇಷ್ಟೊಂದು ಜನ ಇದ್ದಾರಲ್ಲ?"

"ಇವರೆಲ್ಲ ನಿಮ್ಮನ್ನ ನೋಡೋಕೆ ಬಂದೋರು ಸಾರ್."

ಅವರು ಚಪ್ಪರದ ಕಡೆ ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅಯ್ಯೋ ಪಾಪ ಅನ್ನುವುದಿತ್ತು. ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಊರಿನವರು ಗೆದ್ದವರ ಹಾಗೆ ಮನೆಗೆ ಹೋದರು. ನಾನು ಕೋಣೆಯಲ್ಲೇ ಕೂತು ಅತ್ತೆ. ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಒಳ್ಳೆಯ ದಿನ ಅಪಶಕುನ ನುಡಿದಳು ಅನ್ನುತ್ತಿದ್ದರು. ನಮ್ಮೂರಲ್ಲಿ ಚಪ್ಪರ, ಪೇಟ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಚೀಲ ಹೆಗಲಿಗೆ ಹಾಕಿ ಹತ್ತಿ ಹೋಗುತ್ತಿದ್ದವಳು ಟೈಲರ್ ಮನೆಯ ಅವಳೊಬ್ಬಳೇ, ಅವಳು ರೈಲಿಲ್ಲವೆಂದೇ ಊರು ಬಿಟ್ಟಿದ್ದಳು.

ಇಷ್ಟಾದರೂ ಒಂದು ಆಸೆ ಉಳಿದಿತ್ತು. ಅಧಿಕಾರಿ ಕನಿಕರಪಟ್ಟು ಏನಾದರೂ ಒಳ್ಳೆಯದು ಬರೆದಿರಬಹುದು. ಮಂತ್ರಿಗಳಿಗೆ ದೊಡ್ಡ ಮನಸ್ಸಿರಬಹುದು. ಉತ್ತರ ಬರುವ ದಿನ ನಾನು ಬೆಳಿಗ್ಗೆಯೇ ಬಸ್ಸು ಹಿಡಿದು ತಿಪಟೂರಿಗೆ, ಅವಳ ಅಂಗಡಿಗೆ ಹೋದೆ. ರೈಲ್ವೆ ಮಂತ್ರಿಗಳು ಹಿಂದಿಯಲ್ಲಿ ಮಾತಾಡುತ್ತಾರೆ, ನನಗೆ ಹಿಂದಿ ಬಾರದು. ಉರ್ದು ಬಲ್ಲ ಅವಳಿಗೆ ಅದು ತಿಳಿಯುತ್ತದೆ. ಹೋಗಲು ನೆಪವೂ ಬೇಕಾಗಿತ್ತು ಅನ್ನಿ.

ಒಳಗೆ ಕಾಲಿಟ್ಟವಳೇ ಮೂಲೆಯಲ್ಲಿ ಅವಳ ಅಮ್ಮನ ಕಾಲದ ಕಾಲುಮಷೀನು ನೋಡಿದೆ. ಊರಿನ ಮನೆಯಲ್ಲಿ ಬೀಗದೊಳಗೆ ಇರಬೇಕಾದದ್ದು.

"ಇದ್ಯಾವಾಗ ತಂದೆ?"

"ಹೋದ ವಾರ ಊರ ಕಡೆ ಟೆಂಪೊ ಬಂದಿತ್ತು ಕಣಕ್ಕ. ಮನೆ ಬಾಡಿಗೆಗೆ ಕೇಳಿದ್ರು, ಕೊಟ್ಬುಟ್ಟೆ. ಅರ್ಜೆಂಟಲ್ಲಿ ಬಂದು ಹೋಗ್ಬುಟ್ಟೆ, ನಿನ್ ಮನೆ ಕಡೆ ಬರಕ್ಕಾಗ್ಲಿಲ್ಲ."

ನಾನು ಹೂಂ ಅಂದೆ. ಫೋನನ್ನು ದಾರದ ಉಂಡೆಗಳ ಡಬ್ಬಿಗೆ ಒರಗಿಸಿದೆ. ಒಂದೊಂದೇ ಪ್ರಶ್ನೆ ಹೋಗುತ್ತಿತ್ತು. ಹೊತ್ತು ಮುಗಿದುಹೋಗಿ ನಮ್ಮ ಸರದಿಯೇ ಬಾರದಿದ್ದರೆ ಅನ್ನುವ ಭಯ ಒಂದು ಕಡೆ, ಬಾರದಿದ್ದರೇ ಒಳ್ಳೆಯದೇನೋ ಅನ್ನುವ ಯೋಚನೆ ಇನ್ನೊಂದು ಕಡೆ. ಕೊನೆಗೆ ನಮ್ಮ ಸಂಸದರು ಎದ್ದರು. ಕನ್ನಡದಲ್ಲೇ ಕೇಳಿದರು. ಅಷ್ಟು ದೊಡ್ಡ ಸಭೆಯಲ್ಲಿ ನಮ್ಮ ಹಾಲ್ಟಿನ ಹೆಸರು ಕೇಳಿದಾಗ ಅವಳು ನನ್ನ ತೊಡೆಗೆ ಹೊಡೆದಳು. ಆ ಒಂದು ಕ್ಷಣ ನಾವಿಬ್ಬರೂ ಮತ್ತೆ ಕೋಣೆಯೊಳಗೆ ಇದ್ದೆವು.

ಮಂತ್ರಿಗಳು ಎದ್ದು ಶುರುಮಾಡಿದರು. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಆಮೇಲೆ ಒಂದೊಂದಾಗಿ ಸೂಜಿ ತೆಗೆದು ದಿಂಬಿಗೆ ಚುಚ್ಚತೊಡಗಿದಳು.

"ಏನಂತೆ? ಹೇಳೇ."

"ಅಧಿಕಾರಿ ಹೋಗಿದ್ರಂತೆ. ಜನ ಶಾನೆ ಪ್ರೀತಿಯಿಂದ ನೋಡ್ಕೊಂಡ್ರಂತೆ."

ಫೋನಿನಲ್ಲಿ ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಸಂಸದರೂ ತಲೆ ತಗ್ಗಿಸಿ ನಕ್ಕರು.

"ಯಾಕೆ ನಗ್ತಾವ್ರೆ?"

ಅವಳು ನನ್ನ ಮುಖ ನೋಡಲಿಲ್ಲ. "ಊರೆಲ್ಲ ಬಂದಿತ್ತಂತೆ, ಒಬ್ರೂ ರೈಲು ಹತ್ತಲಿಲ್ವಂತೆ. ಹತ್ತೋರೇ ಇಲ್ಲದ ಕಡೆ ನಿಲ್ಸೋಕೆ ಬರಲ್ಲ ಅಂದ್ರು ಕಣಕ್ಕ."

ಸಂಸದರು ಉಪಪ್ರಶ್ನೆ ಕೇಳಿದರು, ಆದರೆ ಅದು ಬೇರೆ ಯಾವುದೋ ಮಾರ್ಗದ್ದು, ಕೊಬ್ಬರಿ ಸಾಗಿಸುವ ಗೂಡ್ಸ್ ಗಾಡಿಯದು. ನಮ್ಮೂರು ಅಲ್ಲಿಗೆ ಮುಗಿದಿತ್ತು. ನಾನು ಫೋನು ಆರಿಸಿದೆ.

"ನಾನಿದ್ದಿದ್ರೆ ಹತ್ತಿರ್ತಿದ್ದೆ" ಅಂದಳು, ಮೆಲ್ಲಗೆ.

"ನಂಗೊತ್ತು."

ಅಷ್ಟರಲ್ಲಿ ಮದುಮಗಳೊಬ್ಬಳು ಅಮ್ಮನ ಜೊತೆ ಬಂದಳು, ಅಳತೆ ಕೊಡಲು. ಅವಳು ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು. ನಾನು ಚೀಲ ತೆಗೆದುಕೊಂಡು ಬಾಗಿಲಿಗೆ ಬಂದೆ. ಅಷ್ಟು ಅಧಿವೇಶನ ನೋಡಿದವಳು, ಇಷ್ಟು ವರ್ಷದಲ್ಲಿ ಒಂದು ಸಲವೂ ನನಗಾಗಿ ಏನನ್ನೂ ಕೇಳಿಕೊಂಡಿರಲಿಲ್ಲ. ರೈಲನ್ನು ಊರಿಗೆಂದು ಕೇಳಿದ್ದೆ. ಬಾಗಿಲಲ್ಲಿ ನಿಂತು ಕೇಳಿದೆ.

"ರೈಲಂತೂ ಇಲ್ಲ. ವಾರಕ್ಕೊಂದಿನ, ಭಾನುವಾರ, ಬಸ್ಸಲ್ಲಿ ಬತ್ತೀಯಾ? ಬೆಳಿಗ್ಗೆ ಬಂದು ಸಂಜೆಗೆ ಹೋಗೀವಂತೆ. ಸುಮ್ನೆ."

ಅವಳು ಹುಡುಗಿಯ ಭುಜದ ಮೇಲೆ ಟೇಪು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಮುಖದ ತುಂಬ ಪ್ರೀತಿ ಇತ್ತು.

"ನೋಡಾನ ಬುಡಕ್ಕ" ಅಂದಳು.

ನಾನು ಉಪಪ್ರಶ್ನೆ ಕೇಳಲಿಲ್ಲ.